ಡೊರೀನ್ ಗೆಲ್ಲೋಲ್ಲ ಅಂದಿದ್ದೆವಲ್ಲ

ಏನೂಂದ್ರೆ,

ನಿಮಗೆ ಎರಡು ಸುದ್ದಿ ಹೇಳಬೇಕು. ಒಂದನ್ನು ಕೇಳಿದರೆ ಮುಖ ಊದಿಸಿಕೊಂಡು ಅರ್ಧ ದಿನ ಮಾತು ಬಿಡುತ್ತೀರಿ, ಗೊತ್ತು. ಅದನ್ನೇ ಮೊದಲು ಹೇಳಿ ಮುಗಿಸುತ್ತೇನೆ. ನಾನು ಇಂಡಿಯಾದ ಪಾಸ್‌ಪೋರ್ಟು ಒಪ್ಪಿಸಿಬಿಟ್ಟೆ. ಈಗ ಈ ದೇಶದ ಪ್ರಜೆ. ಕೈಯೆತ್ತಿ ಪ್ರಮಾಣವಚನ ಹೇಳಿದ್ದೂ ಆಯಿತು, ಪಕ್ಕದವರ ಬಾಯಿ ನೋಡಿಕೊಂಡು ರಾಷ್ಟ್ರಗೀತೆ ಹಾಡಿದ್ದೂ ಆಯಿತು. ಎರಡನೆಯದು ಡೊರೀನಳ ಸುದ್ದಿ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ನಿಮಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಸುಮ್ಮನೆ ಕೇಳಿ. ಮೂವತ್ತನಾಲ್ಕು ವರ್ಷ ನೀವು ಹೇಳಿದ್ದನ್ನೇ ಹೇಳಿದಾಗ ನಾನು ಕೇಳಿಲ್ಲವಾ?

ಹದಿನೈದನೇ ಇಸವಿಯ ಫೆಡರಲ್ ಎಲೆಕ್ಷನ್ ನೆನಪಿದೆಯಾ? ಪವರ್ ಪ್ಲಾಂಟಿನ ಕೆಲಸದಿಂದ ರಿಟೈರ್ ಆದ ಮೇಲೆ ನಿಮಗೆ ಅದೊಂದೇ ಹಬ್ಬ. ಸೋಫಾದ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲೆ ಮಂಡಕ್ಕಿ ಬಟ್ಟಲಿಟ್ಟುಕೊಂಡು, ಯಾವ ಕ್ಷೇತ್ರದಲ್ಲಿ ಯಾರು ಗೆಲ್ಲುತ್ತಾರೆ ಎಂದು ಟೀವಿಯವರಿಗಿಂತ ಮೊದಲೇ ಹೇಳುತ್ತಿದ್ದಿರಿ. ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಯಾರಿಗೆ ಹಾಕಿದೆ ಎಂದು ಕೇಳಿದಾಗ ಅರ್ಧ ಗಂಟೆ ಭಾಷಣ ಬಿಗಿದಿರಿ. ಕೊನೆಗೆ, ಓಟು ಗುಟ್ಟಿನ ವಿಷಯ ಎಂದು ನಕ್ಕು ಒಳಗೆ ಬಂದಿರಿ. ಓಟೇ ಇಲ್ಲ ಎಂದು ಮಾತ್ರ ಬಾಯಿ ಬಿಡಲಿಲ್ಲ. ಮೂವತ್ತು ವರ್ಷದಿಂದ ಇಲ್ಲಿದ್ದೇವೆ, ಮನೆ ಕಟ್ಟಿಸಿಕೊಂಡಿದ್ದೇವೆ, ಮಗಳು ಇಲ್ಲೇ ಹುಟ್ಟಿದ್ದಾಳೆ, ಆದರೂ ಸಿಟಿಜನ್‌ಶಿಪ್ ತೆಗೆದುಕೊಂಡಿರಲಿಲ್ಲ. "ಮುಂದಿನ ವರ್ಷ ನೋಡೋಣ ಕಣೆ" ಎನ್ನುತ್ತಿದ್ದಿರಿ. ತುಮಕೂರಿನ ಸೈಟು, ತಮ್ಮನ ಮಗಳ ಮದುವೆ, ಕೊನೆಗಾಲಕ್ಕೆ ಅಲ್ಲಿಗೇ ಹೋಗುವುದು ಎಂಬ ಮಾತು, ಪ್ರತಿ ವರ್ಷಕ್ಕೂ ಒಂದೊಂದು ನೆಪ. ಮೇಘನಾ ನಿಮ್ಮ ಮುಂದೆ ಕೈಕಟ್ಟಿ ನಿಂತು, "ಅಪ್ಪಾ, ಯೂ ಕಾಂಟ್ ಈವನ್ ವೋಟ್" ಎಂದಿದ್ದಳು. ನೀವು ಟೀವಿಯ ಸೌಂಡು ಜಾಸ್ತಿ ಮಾಡಿದಿರಿ.

ಆ ಎಲೆಕ್ಷನ್ ಮುಗಿದ ವಾರವೇ ಅಲ್ಲವಾ ಡೊರೀನ್ ನಮ್ಮ ಮನೆಗೆ ಬಂದದ್ದು? ಬೀದಿಯ ಕೊನೆ ಮನೆಯ ಡೊರೀನ್ ಕ್ಯಾಂಬೆಲ್, ಹೈಸ್ಕೂಲಿನ ವೈಸ್ ಪ್ರಿನ್ಸಿಪಾಲು, ಜಮೈಕಾದಿಂದ ಬಂದ ಅಪ್ಪ ಅಮ್ಮನ ಮಗಳು. ಹಿಂದೊಂದು ಡಿಸೆಂಬರಿನಲ್ಲಿ ಐಸ್ ಮಳೆ ಬಿದ್ದು ದಿನಗಟ್ಟಲೆ ಕರೆಂಟು ಹೋದಾಗ ಮನೆಮನೆಯ ಬಾಗಿಲು ತಟ್ಟಿ ಯಾರಿಗೆ ಔಷಧಿ ಬೇಕು, ಯಾರ ಮನೆ ತಣ್ಣಗಾಗಿದೆ ಎಂದು ವಿಚಾರಿಸಿದವಳು ಅವಳೊಬ್ಬಳೇ. ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ತನ್ನ ಮನೆಯ ಸೌದೆ ಒಲೆಯ ಮುಂದೆ ಕೂರಿಸಿದ್ದಳು. ನೀವು ಮಂಕಿ ಕ್ಯಾಪು ಹಾಕಿಕೊಂಡು ಅವಳಿಗೆ ಟ್ರಾನ್ಸ್‌ಫಾರ್ಮರ್ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಮಾಡಿದಿರಿ. ಪಾಪ, ಪೂರ್ತಿ ಕೇಳಿದಳು.

ಎಲೆಕ್ಷನ್ ಮುಗಿದ ಆ ವಾರ ಬಂದವಳು ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತು ನೇರವಾಗಿ ವಿಷಯಕ್ಕೆ ಬಂದಳು. ಮುಂದಿನ ಟೌನ್ ಕೌನ್ಸಿಲ್ ಎಲೆಕ್ಷನ್ನಿಗೆ ನಿಲ್ಲುವ ಯೋಚನೆ ಇದೆ, ಇನ್ನೂ ಮೂರು ವರ್ಷ ಇದೆ, ಆದರೆ ಈಗಿನಿಂದಲೇ ಓಡಾಡಬೇಕು ಎಂದಳು. ಅವಳ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಅವಳ ದನಿ ನಿಮ್ಮ ಕಿವಿಯಲ್ಲಿ ಇದ್ದೇ ಇರುತ್ತದೆ. "ಮಿಸ್ಟರ್ ರಂಗ, ನೀವು ಈ ಬೀದೀನ ಇಪ್ಪತ್ತು ವರ್ಷದಿಂದ ನೋಡಿದ್ದೀರಿ. ನನ್ನ ಮುಖ ನೋಡಿ ಹೇಳಿ. ಇಲ್ಲಿಯ ಜನ ನನ್ನಂಥವಳಿಗೆ ಓಟು ಹಾಕ್ತಾರಾ?"

ನೀವು ನನ್ನ ಕಡೆ ತಿರುಗಿದಿರಿ. ನಮ್ಮ ಜನಕ್ಕೆ ಇದೊಂದು ರೋಗ, ಎದುರಿಗೆ ಬೇರೆ ಭಾಷೆಯವರು ಕೂತಿದ್ದರೆ ಮುಖದಲ್ಲಿ ನಗು ಇಟ್ಟುಕೊಂಡೇ ಕನ್ನಡದಲ್ಲಿ ಮನೆ ವ್ಯವಹಾರ ಮುಗಿಸಿಬಿಡುವುದು. "ಏನೇ ಹೇಳ್ಲಿ? ನಿಂತ್ಕೊಳ್ಳಲಿ ಅನ್ಸುತ್ತೆ ನಂಗೆ" ಎಂದಿರಿ. ನಾನು ಅವಳ ಲೋಟಕ್ಕೆ ಕಾಫಿ ಬಗ್ಗಿಸುತ್ತಾ, ಸಕ್ಕರೆ ಸಾಕಾ ಎಂದು ಕೇಳುವವಳ ಹಾಗೆ, "ಯಾಕ್ರೀ ಸುಮ್ನೆ ಆಸೆ ಹುಟ್ಟಿಸ್ತೀರಾ? ಕಪ್ಪು ಹೆಂಗ್ಸಿಗೆ ಈ ಜನ ಓಟು ಹಾಕ್ತಾರಾ? ಗೆಲ್ಲೋಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ" ಎಂದೆ. ನೀವು ಮುಖ ಸಪ್ಪೆ ಮಾಡಿಕೊಂಡು ಲೋಟ ಪಕ್ಕಕ್ಕೆ ಸರಿಸಿದಿರಿ. ಆಮೇಲೆ ಅವಳಿಗೆ ನಿಧಾನವಾಗಿ, ನೋವಾಗದ ಹಾಗೆ, ಇಂಗ್ಲಿಷಿನಲ್ಲಿ ಹೇಳಿದಿರಿ. ನೀನು ಯೋಗ್ಯಳು, ಎಲ್ಲರೂ ನಗುನಗುತ್ತಾ ನಿನ್ನ ಕೈಕುಲುಕುತ್ತಾರೆ, ಆದರೆ ಓಟಿನ ಪರದೆಯ ಹಿಂದೆ ಹೋದ ಮೇಲೆ... ಅಲ್ಲಿಗೆ ನಿಲ್ಲಿಸಿದಿರಿ. ಅವಳು ತಲೆಯಾಡಿಸಿದಳು. ಕಾಫಿ ಪೂರ್ತಿ ಕುಡಿದು, ಥ್ಯಾಂಕ್ಸ್ ಹೇಳಿ ಹೋದಳು. ಮತ್ತೆ ಆ ಮಾತೆತ್ತಲಿಲ್ಲ.

ಆಮೇಲಿನ ಫೆಬ್ರವರಿಯಲ್ಲೇ ನೀವು ಹೋದಿರಿ. ಹಲ್ಲುಜ್ಜಿ ಬಂದವರು ಕುರ್ಚಿಯ ಮೇಲೆ ಕೂತು, ಯಾಕೋ ಸುಸ್ತು ಎಂದಿರಿ, ಅಷ್ಟೇ. ಅದನ್ನು ಈಗ ಬರೆಯುವುದಿಲ್ಲ. ಡೊರೀನ್ ಹದಿಮೂರು ದಿನವೂ ನಮ್ಮ ಡ್ರೈವ್‌ವೇಯ ಸ್ನೋ ತೆಗೆದಳು ಎಂದು ಮಾತ್ರ ಬರೆಯುತ್ತೇನೆ. ವೈಕುಂಠ ಸಮಾರಾಧನೆಯ ದಿನ ಏನು ಉಡಬೇಕು, ಏನು ತರಬಾರದು ಎಂದು ಮೇಘನಾಳನ್ನು ಕೇಳಿಕೊಂಡು ಬಂದು ನಮ್ಮವರ ಜೊತೆ ನೆಲದ ಮೇಲೆ ಕೂತು ಊಟ ಮಾಡಿದಳು. ಹೊರಡುವಾಗ ನನ್ನ ಕೈ ಹಿಡಿದು, "ಮಿಸ್ಟರ್ ರಂಗ ನನಗೆ ಯಾವಾಗಲೂ ನಿಜ ಹೇಳೋರು" ಎಂದಳು. ಅವತ್ತು ಅವರು ಹೇಳಿದ್ದು ಅವರ ಮಾತಲ್ಲ, ನನ್ನದು ಎಂದು ಅವಳಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಸತ್ತವರ ಮೇಲೆ ಹಾಕಿದರೆ ಕೇಳುವವರು ಯಾರು? ನಿಮ್ಮ ಮೇಲೇ ಬಿಟ್ಟೆ.

ನೀವು ಹೋದ ಮೇಲೆ ಮನೆಯಲ್ಲಿ ಕೂರಲಾಗದೆ ಸ್ಕೂಲಿನ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸಕ್ಕೆ ಸೇರಿದೆ. ನಗಬೇಡಿ. ಹಳದಿ ಕೋಟು, ಕೈಯಲ್ಲಿ ಸ್ಟಾಪ್ ಬೋರ್ಡು. ನಾನು ಬೋರ್ಡು ಎತ್ತಿದರೆ ಎಂಥ ದೊಡ್ಡ ಟ್ರಕ್ಕೂ ನಿಲ್ಲುತ್ತದೆ. ನಿಮ್ಮ ಹತ್ತಿರ ನಡೆಯದ ಅಧಿಕಾರವೆಲ್ಲ ಅಲ್ಲಿ ನಡೆಯುತ್ತದೆ. ಆ ರಸ್ತೆಗೆ ಸಿಗ್ನಲ್ ಹಾಕಿಸಿ ಎಂದು ಡೊರೀನ್ ಎಷ್ಟು ವರ್ಷದಿಂದ ಟೌನ್‌ಹಾಲಿಗೆ ಅಲೆಯುತ್ತಿದ್ದಳು, ನೋಡಿದ್ದೀರಲ್ಲ. ಹದಿನೇಳರ ಶರತ್ಕಾಲದಲ್ಲಿ ಕೌನ್ಸಿಲು ಅದನ್ನು ಮತ್ತೆ ಮುಂದಕ್ಕೆ ಹಾಕಿತು. ಮಾರನೆಯ ಬೆಳಿಗ್ಗೆ ಅವಳು ಬೇಸರದಿಂದ ನನ್ನ ಪಕ್ಕ ಬಂದು ನಿಂತಳು. "ನೀನೇ ನಿಂತ್ಕೋಬಾರದಾ ಡೊರೀನ್" ಎಂದೆ. ಬಾಯಿ ತಪ್ಪಿ ಬಂದ ಮಾತು.

"ಮಿಸ್ಟರ್ ರಂಗ ಬೇಡ ಅಂದ್ರಲ್ಲ" ಎಂದಳು. "ಅವರಿಗೆ ಈ ಬೀದಿ ಗೊತ್ತಿತ್ತು. ಎಷ್ಟು ಎಲೆಕ್ಷನ್ನಲ್ಲಿ ಓಟು ಹಾಕಿದೋರು."

"ಅವರಿಗೆ ಓಟೇ ಇರ್ಲಿಲ್ಲ" ಎಂದುಬಿಟ್ಟೆ. "ನಂಗೂ ಇಲ್ಲ."

ಅವಳು ನನ್ನನ್ನೇ ನೋಡಿದಳು. ನಕ್ಕಳು, ಆದರೆ ಅದು ನಗುವಲ್ಲ. "ಅಂದ್ರೆ ಈ ಊರಿನ ಓಟರುಗಳ ಮನಸ್ಸಲ್ಲಿ ಏನಿದೆ ಅಂತ ನನಗೆ ಹೇಳಿದೋರು ಓಟೇ ಇಲ್ಲದೋರು?" ಎಂದಳು. ಆಮೇಲೆ ಮೆತ್ತಗೆ, "ಸರೋಜಾ, ನಿಮಗೆ ಓಟಿದ್ದಿದ್ರೆ ನನಗೆ ಹಾಕ್ತಿದ್ರಾ?" ಎಂದು ಕೇಳಿದಳು. ಅಷ್ಟರಲ್ಲಿ ಮಕ್ಕಳ ಗುಂಪು ಬಂತು. ನಾನು ಬೋರ್ಡೆತ್ತಿಕೊಂಡು ರಸ್ತೆಯ ಮಧ್ಯಕ್ಕೆ ಹೋಗಿ ನಿಂತೆ, ಮಕ್ಕಳೆಲ್ಲ ದಾಟಿದ ಮೇಲೂ ನಿಂತೇ ಇದ್ದೆ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

ಅವತ್ತು ಮನೆಗೆ ಬಂದು ಯೋಚನೆ ಮಾಡಿದೆ. ನಿಮ್ಮಮ್ಮ ನನ್ನನ್ನು ನೋಡಲು ಬಂದ ದಿನ ನೆನಪಾಯಿತು. ಉಪ್ಪಿಟ್ಟು ಕೇಸರಿಬಾತು ತಿಂದು, ನನ್ನ ಮುಂದೆಯೇ ನಮ್ಮಮ್ಮನಿಗೆ, "ಹುಡುಗಿ ಲಕ್ಷಣವಾಗಿದ್ದಾಳೆ, ನಮಗೇನೂ ಇಲ್ಲ. ಬಣ್ಣ ಸ್ವಲ್ಪ ಕಡಿಮೆ ಆಯ್ತು, ನಾಳೆ ನೆಂಟರಿಷ್ಟರು ಏನಾದ್ರೂ ಅಂದಾರು ಅಂತ" ಎಂದಿದ್ದರು. ನಮಗೇನೂ ಇಲ್ಲವಂತೆ, ಅನ್ನುವವರು ನೆಂಟರಂತೆ. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ ಎಂದು ನಿಮಗೆ ಎಷ್ಟು ಸಲ ಹೇಳಿಲ್ಲ? ಅದೇ ನಾನು ಡೊರೀನಳನ್ನು ಎದುರಿಗೆ ಕೂರಿಸಿಕೊಂಡು ಏನು ಹೇಳಿದೆ? ನನಗೇನೂ ಇಲ್ಲ, ಈ ಜನ ಹಾಕುವುದಿಲ್ಲ. ಈ ಜನವನ್ನು ನಾನೇನು ಕೇಳಿದ್ದೆನಾ? ಅವಳನ್ನು ಕೌನ್ಸಿಲಿನ ಕುರ್ಚಿಯಲ್ಲಿ ಕಲ್ಪಿಸಿಕೊಳ್ಳಲು ನನಗೇ ಆಗಿರಲಿಲ್ಲ. ನಾಚಿಕೆಯಾಯಿತು, ಏನೂಂದ್ರೆ. ಮಾರನೆಯ ವಾರವೇ ಮೇಘನಾ ಎಟೋಬಿಕೋದ ತನ್ನ ಮನೆಯಿಂದ ಬಂದಾಗ, "ಆ ಸಿಟಿಜನ್‌ಶಿಪ್ ಅರ್ಜಿ ತುಂಬಿಸಿ ಕೊಡು" ಎಂದೆ. ಅವಳು ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡಿದಳು. ನನ್ನ ವಯಸ್ಸಿನವರಿಗೆ ಪರೀಕ್ಷೆ ಇಲ್ಲವಂತೆ, ಅದೊಂದು ಬಚಾವು.

ಚಳಿ ಕಳೆಯುವಷ್ಟರಲ್ಲಿ ಡೊರೀನ್ ನಿಲ್ಲುವುದೆಂದು ತೀರ್ಮಾನ ಮಾಡಿದ್ದಳು. ನಾನು ಹೇಳಿದ್ದರಿಂದ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ನಮಗೆ ಓಟಿರಲಿಲ್ಲ ಎಂದು ತಿಳಿದದ್ದಕ್ಕೇ ಅವಳಿಗೆ ಧೈರ್ಯ ಬಂತೇನೋ. ನಾನೂ ನಮ್ಮವರನ್ನು ಕೇಳುತ್ತೇನೆ ಎಂದೆ. ಎರಡು ಬೀದಿಯಾಚೆ ಗುರುರಾಜ್ ಭಾವನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು, ವಾರ್ಡಿನ ಕನ್ನಡದವರೆಲ್ಲ ಬಂದಿದ್ದರು. ಪ್ರಸಾದವಾದ ಮೇಲೆ ವಿಷಯ ತೆಗೆದೆ.

"ಒಳ್ಳೇ ಹೆಂಗ್ಸು ಸರೋಜಮ್ಮ, ನಾನಂತೂ ಹಾಕ್ತೀನಿ" ಎಂದರು ಭಾವ. "ಆದ್ರೆ ಬೇರೆಯೋರು ಹಾಕಲ್ಲ. ನಮ್ಮ ಓಟು ವೇಸ್ಟ್ ಆಗುತ್ತಲ್ಲ ಅಂತ."

ಅವರ ಪಕ್ಕದವರೂ ಅದನ್ನೇ ಹೇಳಿದರು. ನಾನು ರೆಡಿ, ಬೇರೆಯವರು ಒಪ್ಪಬೇಕಲ್ಲ. ಅವರ ಪಕ್ಕದವರೂ ಅದನ್ನೇ. ಕೈಯಲ್ಲಿ ಸಪಾದ ಭಕ್ಷ್ಯದ ದೊನ್ನೆ ಹಿಡಿದುಕೊಂಡು ಆ ಹಾಲ್‌ನಲ್ಲಿ ಇದ್ದ ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ 'ನಾನು ಹಾಕುತ್ತೇನೆ' ಎನ್ನುವವರೇ, 'ಬೇರೆಯವರು' ಒಬ್ಬರೂ ಸಿಗಲಿಲ್ಲ. "ಅಲ್ಲ ಭಾವ, ಆ ಬೇರೆಯೋರು ಎಲ್ಲಿ ಕೂತಿದ್ದಾರೆ? ಬೇಸ್‌ಮೆಂಟಲ್ಲಾ?" ಎಂದೆ. ಎಲ್ಲ ನಕ್ಕರು. ಶಾರದಮ್ಮ ಮಾತ್ರ ನಗಲಿಲ್ಲ. ಗೊತ್ತಲ್ಲ, ನಮ್ಮವರಲ್ಲಿ ಈ ಊರಿಗೆ ಮೊದಮೊದಲು ಬಂದ ಡಾಕ್ಟರ ಹೆಂಡತಿ, ಎಂಬತ್ತು ದಾಟಿದೆ. "ನಾನು ಹಾಕಲ್ಲ ಕಣಮ್ಮ" ಎಂದರು. "ಯಾಕೆ ಅಂತ ಕೇಳ್ಬೇಡ. ಭಯ ಅಂತಲೇ ಇಟ್ಕೋ. ಸುಳ್ಳು ಯಾಕೆ ಹೇಳ್ಲಿ?" ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಉಳಿದವರಲ್ಲಿ ಎಷ್ಟು ಜನ ಶಾರದಮ್ಮನಂಥವರು ಇದ್ದರೋ, ಹೇಗೆ ಹೇಳುವುದು?

ಆಗಸ್ಟಿನಲ್ಲಿ ಬೋರ್ಡಿನ ಗಲಾಟೆ ಶುರುವಾಯಿತು. ಹುಲ್ಲಿನ ಮೇಲೆ ನೆಡುವ ಎಲೆಕ್ಷನ್ ಬೋರ್ಡು. ಅವಳ ಜೊತೆ ಓಡಾಡುತ್ತಿದ್ದ ಅನುಭವಸ್ಥರೊಬ್ಬರು, ಬೋರ್ಡಿನಲ್ಲಿ ಫೋಟೋ ಬೇಡ, ಬರೀ ಹೆಸರು ಸಾಕು ಎಂದರು. ಕ್ಯಾಂಬೆಲ್ ಎಂದರೆ ಬಿಳಿಯರ ಹೆಸರಿನ ಹಾಗೇ ಕೇಳುತ್ತದೆ, ಅರ್ಧ ಜನ ಮುಖ ನೋಡದೆಯೇ ಓಟು ಹಾಕುತ್ತಾರೆ, ಸುಮ್ಮನೆ ಯಾಕೆ ಕಳೆದುಕೊಳ್ಳುತ್ತೀರಿ ಎಂಬುದು ಅವರ ಲೆಕ್ಕ. ತಪ್ಪು ಲೆಕ್ಕ ಎನ್ನಲೂ ಆಗದು. ಡೊರೀನ್ ಎರಡು ನಮೂನೆಯನ್ನೂ ತಂದು ನಮ್ಮ ಅದೇ ಅಡುಗೆಮನೆಯ ಟೇಬಲ್ಲಿನ ಮೇಲೆ ಇಟ್ಟು, ನೀವೇನನ್ನುತ್ತೀರಿ ಎಂದಳು. ಈ ಸಲ ತಿರುಗಿ ಕನ್ನಡದಲ್ಲಿ ಕೇಳಲು ನನಗೆ ನೀವಿರಲಿಲ್ಲ. ಫೋಟೋ ಇರುವುದನ್ನು ಅವಳ ಕಡೆ ತಳ್ಳಿದೆ. "ಸೋತ್ರೆ?" ಎಂದಳು. "ಸೋತ್ರೆ ನಿನ್ನ ಮುಖ ಇಟ್ಕೊಂಡೇ ಸೋಲು. ಮುಖ ಮುಚ್ಕೊಂಡು ಗೆದ್ರೆ ನಾಲ್ಕು ವರ್ಷ ಎಲ್ಲಿ ಬಚ್ಚಿಟ್ಕೊಂಡು ಕೂರ್ತೀಯಾ?" ಎಂದೆ. ಹೇಳಿದ್ದೇನೋ ಹೇಳಿದೆ. ಮೊದಲ ಸಲ ನನ್ನ ಮಾತಿಗೆ ಅವಳ ಎರಡು ವರ್ಷ ಹೋಗಿತ್ತು, ಈ ಸಲ ಏನು ಹೋಗುತ್ತದೋ.

ಮಧ್ಯಾಹ್ನದ ಹೊತ್ತು, ಹಳದಿ ಕೋಟು ಮನೆಯಲ್ಲಿ ಬಿಟ್ಟು, ಅವಳ ಜೊತೆ ಬಾಗಿಲು ಬಾಗಿಲು ಸುತ್ತಿದೆ. ಸ್ಟಾಪ್ ಬೋರ್ಡಿನ ಅಜ್ಜಿ ಎಂದು ಮಕ್ಕಳೇ ಬಂದು ಬಾಗಿಲು ತೆಗೆಯುತ್ತಿದ್ದರು. ಎಲ್ಲ ತರದವರೂ ಸಿಕ್ಕರು. ಒಬ್ಬ ಬಿಳಿ ಮುದುಕ ಅವಳನ್ನು ಒಳಗೆ ಕೂರಿಸಿ ಸಿಗ್ನಲ್ಲಿನ ನಕ್ಷೆ ಬಿಡಿಸಿ ತೋರಿಸಿದ. ನಮ್ಮ ದೇಶದವನೇ ಒಬ್ಬ, ಅವಳು ಪಕ್ಕದಲ್ಲಿ ನಿಂತಿರುವಾಗಲೇ ನನ್ನ ಹತ್ತಿರ ಹಿಂದಿಯಲ್ಲಿ, "ಆಂಟೀಜೀ, ಈಕೆ ಗೆದ್ದರೆ ತಮ್ಮವರನ್ನು ಮಾತ್ರ ನೋಡಿಕೊಳ್ಳುತ್ತಾಳೆ" ಎಂದ. "ನಿನ್ನ ಮಗಳು ದಿನಾ ದಾಟೋ ರಸ್ತೆಗೆ ಸಿಗ್ನಲ್ ಕೇಳ್ತಿರೋಳು ಇವಳು, ನಿನ್ನ ಮಗಳು ಯಾರವಳು?" ಎಂದು ನನ್ನ ಹರುಕು ಹಿಂದಿಯಲ್ಲೇ ಕೇಳಿದೆ. ಅವಳ ಪ್ರಚಾರದ ಕಾಗದ ತೆಗೆದುಕೊಂಡ. ಒಂದು ಬೆಳಿಗ್ಗೆ ಮೂಲೆಯ ಬೋರ್ಡಿನಲ್ಲಿ ಅವಳ ಮುಖದ ಮೇಲೆ ಯಾರೋ ಬಣ್ಣ ಬಳಿದಿದ್ದರು. ಡೊರೀನ್ ಮಾತಾಡದೆ ಅದನ್ನು ಕಿತ್ತು ಕಾರಿನಲ್ಲಿ ಹಾಕಿಕೊಂಡು, ಬೇರೆಯದು ನೆಟ್ಟಳು.

ನನ್ನ ಪ್ರಮಾಣವಚನ ಸೆಪ್ಟೆಂಬರಿನಲ್ಲಿ ಆಯಿತು, ಓಟು ಅಕ್ಟೋಬರಿನಲ್ಲಿ. ಅರವತ್ತಮೂರು ವರ್ಷಕ್ಕೆ ಈ ದೇಶದಲ್ಲಿ ಮೊದಲನೇ ಓಟು. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟು, ಮೇಲೆ ಜಾಕೆಟ್ಟು ಹಾಕಿಕೊಂಡು ಹೋದೆ. ರಟ್ಟಿನ ಮರೆಯ ಹಿಂದೆ ನಿಂತಾಗ, ಸತ್ಯ ಹೇಳುತ್ತೇನೆ, ಒಂದು ಕ್ಷಣ ಕೈ ತಡೆಯಿತು. ಗೆಲ್ಲುವುದಿಲ್ಲವೇನೋ, ವೇಸ್ಟ್ ಆಗುತ್ತದೇನೋ ಎಂದು. ಇಷ್ಟೆಲ್ಲ ಓಡಾಡಿದವಳಿಗೂ! ಅದು ನನ್ನೊಳಗೆ ಎಷ್ಟು ಕೆಳಗೆ ಕೂತಿತ್ತು ನೋಡಿ. ಆಮೇಲೆ ಅವಳ ಹೆಸರಿನ ಮುಂದೆ ಗುರುತು ಹಾಕಿದೆ. ಗಟ್ಟಿಯಾಗಿ ಒತ್ತಿ ಹಾಕಿದೆ.

ಡೊರೀನ್ ಗೆದ್ದಳು, ಏನೂಂದ್ರೆ. ಕೂದಲೆಳೆಯಷ್ಟರಲ್ಲಿ ಗೆದ್ದಳು. ಹಾಗಾದರೆ ಮೈಬಣ್ಣ ನೋಡಿ ಓಟು ತಪ್ಪಿಸುವವರೇ ಇಲ್ಲ ಎಂದು ಹೇಳುತ್ತೀಯಾ ಎಂದು ಕೇಳಬೇಡಿ. ಇದ್ದಾರೆ, ಅಷ್ಟು ಹತ್ತಿರದಲ್ಲಿ ಗೆದ್ದದ್ದು ಅದಕ್ಕೇ ಇರಬೇಕು. ಅವಳಷ್ಟು ದುಡಿದ ಬಿಳಿಯಳೊಬ್ಬಳು ನಿಂತಿದ್ದರೆ ಈ ವಾರ್ಡಿನಲ್ಲಿ ಯಾರಿಗೂ ಅನುಮಾನವೇ ಇರುತ್ತಿರಲಿಲ್ಲ. ಆದರೆ ನಾವು ಅಂದುಕೊಂಡಷ್ಟು ಜನ ಇರಲಿಲ್ಲ. ಇಪ್ಪತ್ತು ವರ್ಷ ನೋಡಿದ ಬೀದಿ ನಮಗೆ ಗೊತ್ತೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಸ್ಕೂಲಿನ ಕೆಲಸ ಮುಗಿಸಿ, ಮೈಸೂರು ಪಾಕು ಮಾಡಿಕೊಂಡು ಅವಳ ಮನೆಗೆ ಹೋದೆ. ಮನೆ ತುಂಬ ಹೂವು, ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವಳು ಅದನ್ನು ಆಫ್ ಮಾಡಿ ನನ್ನ ಎದುರಿಗೆ ಕೂತಳು. ಇನ್ನೂ ಇಟ್ಟುಕೊಂಡರೆ ನಾನು ಮನುಷ್ಯಳಲ್ಲ ಎನಿಸಿತು. ಹೇಳಿಬಿಟ್ಟೆ. ಅವತ್ತು ನಮ್ಮ ಯಜಮಾನರು ನೀನು ನಿಲ್ಲಬೇಕು ಎಂದೇ ಅಂದರು, ಬೇಡ ಎಂದವಳು ನಾನು, ಕಾಫಿ ಬಗ್ಗಿಸುತ್ತಾ ನಿನ್ನ ಎದುರಿಗೇ ಹೇಳಿದೆ, ಅವರು ನನ್ನ ಮಾತನ್ನು ಇಂಗ್ಲಿಷ್ ಮಾಡಿದರು ಅಷ್ಟೇ, ಇಷ್ಟು ದಿನ ಅವರ ಮೇಲೆ ಹಾಕಿ ಸುಮ್ಮನಿದ್ದೆ ಎಂದೆ. ಅತ್ತೆ. ನೀವು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಡೊರೀನ್ ಎದ್ದು ಬಂದು ನನ್ನ ಪಕ್ಕ ಕೂತಳು. "ಗೊತ್ತಿತ್ತು" ಎಂದಳು.

"ಹೇಗೆ ಗೊತ್ತು? ನಿನಗೆ ಕನ್ನಡ ಬರಲ್ಲ."

"ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೀನಿ ಸರೋಜಾ. ನನ್ನ ಮುಂದೆ ನನ್ನ ಬಗ್ಗೆ ಮಾತಾಡಿದ್ರೆ ಯಾವ ಭಾಷೇಲಾದ್ರೂ ತಿಳಿಯುತ್ತೆ. ನಿಮ್ಮನ್ನ ಕೇಳೋ ಮೊದಲು ಅವರ ಮುಖ ಹೂಂ ಅಂತಿತ್ತು, ಕೇಳಿದ ಮೇಲೆ ಬಾಡಿತು."

"ಮತ್ತೆ ಯಾಕೆ ನನ್ನನ್ನ ಮನೆಮನೆಗೂ ಕರ್ಕೊಂಡು ಹೋದೆ?"

ಅವಳು ಮೈಸೂರು ಪಾಕಿನ ಡಬ್ಬಿ ತೆಗೆದು ನನ್ನ ಕೈಗೊಂದು ಕೊಟ್ಟು, ತಾನೊಂದು ತೆಗೆದುಕೊಂಡಳು. "ಅವರ ಓಟು ನನಗೆ ಆವತ್ತೇ ಸಿಕ್ಕಿತ್ತು" ಎಂದಳು. "ನಾನು ಮೂರು ವರ್ಷದಿಂದ ಕೇಳ್ತಾ ಇದ್ದದ್ದು ನಿಮ್ಮದನ್ನ."

ಇದೇ ನಿಮಗೆ ಹೇಳಬೇಕಾಗಿದ್ದ ಸುದ್ದಿ. ಈ ದೇಶದಲ್ಲಿ ಒಂದು ಸಲವೂ ಓಟು ಹಾಕದೆ ಹೋದಿರಲ್ಲ ಎಂದು ನನಗೆ ಕೊರಗಿತ್ತು. ಡೊರೀನ್ ನಿಮ್ಮದನ್ನು ಎಣಿಸಿಕೊಂಡಿದ್ದಾಳೆ.

ನಿಮ್ಮ,
ಸರೋಜಾ